ಕಿಲೋಗೆ 28 ರೂಪಾಯಿ ಉಳಿಸಲು ಹೋದ ಕಥೆ: ಕೊರಿಯರ್ ಬದಲಿಸುವ ಮುಂಚೆ ಏನೇನು ನೋಡಬೇಕು

ಶಿರಸಿ ಹತ್ತಿರದ ನಮ್ಮ ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬೆಂಗಳೂರು, ಪುಣೆಗೆಲ್ಲ ಹೋಗುತ್ತದೆ. ಎರಡು ವರ್ಷದ ಹಿಂದೆ ಕಿಲೋಗೆ 90 ರೂಪಾಯಿಯ ಕೊರಿಯರ್ ಬಿಟ್ಟು 62 ಹೇಳಿದವರಿಗೆ ಹೂಂ ಅಂದೆ. ಜುಲೈ ತಿಂಗಳು, ಜಡಿಮಳೆ. ಕಳಿಸಿದ 40 ಪೆಟ್ಟಿಗೆಯಲ್ಲಿ 9 ವಾಪಸ್ ಬಂದವು.

ಒಂದನ್ನು ಬಿಚ್ಚಿದೆ. ಬಾಟಲಿ ಒಡೆದಿರಲಿಲ್ಲ. ಆದರೆ ಎಲ್ಲೋ ಗೋಡೌನಿನಲ್ಲಿ ತಲೆಕೆಳಗಾಗಿ ಬಿದ್ದು ಉಪ್ಪುನೀರು ಸೋರಿತ್ತು. ರಟ್ಟು ನೆನೆದ ಹಪ್ಪಳದ ಹಾಗೆ ಮೆತ್ತಗೆ. ವಿಳಾಸದ ಚೀಟಿಯಲ್ಲಿ ಓದಲು ಬರುತ್ತಿದ್ದುದು ಪಿನ್‌ಕೋಡಿನ ಮೂರು ಅಂಕಿ ಮಾತ್ರ. ಟ್ರ್ಯಾಕಿಂಗ್‌ನಲ್ಲಿ ‘ಗ್ರಾಹಕರು ಮನೆಯಲ್ಲಿಲ್ಲ’ ಎಂದಿತ್ತು. ಆ ಗ್ರಾಹಕರು ಮಂಡಿನೋವಿನ ಅಜ್ಜಿ, ಗೇಟು ದಾಟಿ ವರ್ಷವಾಗಿದೆ!

ಹಾಗಾಗಿ ದರ ಕೇಳುವ ಮುಂಚೆ ತೂಕವನ್ನು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕೇಳಿ. ತಕ್ಕಡಿಯ ತೂಕ, ಪೆಟ್ಟಿಗೆಯ ಅಳತೆಯಿಂದ ತೆಗೆದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಕೆಲವರು 5000ದಿಂದ ಭಾಗಿಸುತ್ತಾರೆ, ಕೆಲವರು 4500 ಅಥವಾ 4000ದಿಂದ. ನನ್ನ ಪೆಟ್ಟಿಗೆ 25, 20, 20. ಗುಣಿಸಿದರೆ 10,000. ಹಳೆಯವರ ಲೆಕ್ಕದಲ್ಲಿ 2 ಕಿಲೋ, 180 ರೂಪಾಯಿ. ಹೊಸಬರು 4000ದಿಂದ ಭಾಗಿಸಿದರು. ಎರಡೂವರೆ ಬಂತು, ಅದನ್ನು 3 ಕಿಲೋ ಮಾಡಿದರು. 186 ರೂಪಾಯಿ! ಅಗ್ಗ ಅಂದುಕೊಂಡದ್ದು ಮೊದಲ ದಿನದಿಂದಲೇ 6 ರೂಪಾಯಿ ದುಬಾರಿ. ತಿಂಗಳ ಕೊನೆಗೆ ಬಿಲ್ ನೋಡುವವರೆಗೂ ನನಗೆ ಇದು ಗೊತ್ತೇ ಇರಲಿಲ್ಲ.

ವಾಪಸ್ ಬಂದದ್ದಕ್ಕೆ ದುಡ್ಡು ಯಾರು ಕೊಡಬೇಕು? ನಾವೇ. ಇದನ್ನು ಅವರು ಆರ್‌ಟಿಓ ಅನ್ನುತ್ತಾರೆ, ಗಾಡಿ ಕಚೇರಿಯಲ್ಲ, ‘ರಿಟರ್ನ್ ಟು ಒರಿಜಿನ್’, ಅಂದರೆ ಕಳಿಸಿದವರಿಗೇ ವಾಪಸ್. 9 ಪೆಟ್ಟಿಗೆ ಹಿಂದೆ ಬಂದದ್ದಕ್ಕೆ 1,674, ಹಳಬರ ಮೂಲಕ ಮತ್ತೆ ಕಳಿಸಿದ್ದಕ್ಕೆ 1,620. ಹಾಳಾದ ಮಿಡಿಯ ಲೆಕ್ಕ ಬೇರೆ. ಎಷ್ಟು ಸಲ ಮನೆಗೆ ಹೋಗುತ್ತಾರೆ, ಹೋಗುವ ಮುಂಚೆ ಫೋನ್ ಮಾಡುತ್ತಾರಾ, ಹಳ್ಳಿ ಪಿನ್‌ಕೋಡಿಗೆ ಬೇರೆ ಚಾರ್ಜ್ ಇದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ, ವಾಟ್ಸಾಪ್ ಮೆಸೇಜ್ ಆದರೂ ಇರಲಿ.

ಕ್ಯಾಶ್ ಆನ್ ಡೆಲಿವರಿ ಇದ್ದರೆ ದುಡ್ಡು ಯಾವ ವಾರ ಕೈಗೆ ಬರುತ್ತದೆ ಅಂತಲೂ ಕೇಳಿ. ಮರ ಹತ್ತಿ ಮಿಡಿ ಕೊಯ್ದವರಿಗೆ ಅವತ್ತೇ ಕೊಡಬೇಕು, ಕೊರಿಯರ್ ದುಡ್ಡು ಬರಲಿ ಅಂದರೆ ಕೇಳುತ್ತಾರಾ?

ರಸೀದಿಯ ಹಿಂದಿನ ಸಣ್ಣ ಅಕ್ಷರ ಓದಿ. ರಸ್ತೆ ಸಾಗಣೆಗೆ 2007ರ ಕಾಯ್ದೆಯಿದೆ, ಕೊರಿಯರ್‌ಗಳೂ ಅದರೊಳಗೆ ಬರುತ್ತವೆ. ಸರಕಿನ ಬೆಲೆ ಬರೆಸಿ, ಅದಕ್ಕೆ ತಕ್ಕ ಹೆಚ್ಚಿನ ದರ ಕಟ್ಟಿರದಿದ್ದರೆ, ಮಾಲು ಕಳೆದಾಗ ಸಾಮಾನ್ಯವಾಗಿ ಸಿಗುವುದು ಬಾಡಿಗೆಯ ಹತ್ತು ಪಟ್ಟಿನವರೆಗೆ ಮಾತ್ರ. ನನ್ನ ಪೆಟ್ಟಿಗೆಗೆ 1,860. ಉಪ್ಪಿನಕಾಯಿಗೆ ಪರವಾಗಿಲ್ಲ, 8,000 ರೂಪಾಯಿಯ ಇಳಕಲ್ ಸೀರೆ ಕಳಿಸುವವರು ಏನು ಮಾಡಬೇಕು? ಬೆಲೆ ಬರೆಸಬೇಕು, ಅಷ್ಟೇ. ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ರಸೀದಿಯ ಫೋಟೋ ತೆಗೆದಿಡಿ, ಆ ಶಾಯಿ ಬೇಗ ಮಾಸುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ನಾನು ಈಗ ಹೊಸ ಕೊರಿಯರ್ ಬಂದರೆ ಉಪ್ಪುನೀರು ಮಾತ್ರ ತುಂಬಿದ ಐದು ಬಾಟಲಿ ನೆಂಟರಿಗೆ ಕಳಿಸುತ್ತೇನೆ. ಒಂದು ಅಪಾರ್ಟ್‌ಮೆಂಟಿಗೆ, ಒಂದು ಹಳ್ಳಿಗೆ, ಒಂದು ಬೇಕಂತಲೇ ಶನಿವಾರ. ಪೆಟ್ಟಿಗೆ ಬಿಚ್ಚುವ ವಿಡಿಯೋ ಕಳಿಸಿ ಅನ್ನುತ್ತೇನೆ. ಕಳೆದ ಸಲ ಪುಣೆಯ ಭಾವ ವಿಡಿಯೋ ಮಾಡಿ, ಕೊನೆಗೆ ‘ಮಿಡಿ ಎಲ್ಲಿ?’ ಅಂತ ಬೈದ. ಪೆಟ್ಟಿಗೆ ಮಾತ್ರ ಒಣಗಿತ್ತು.