ಶಾರ್ತ್ರದಲ್ಲಿ ಒಂದು ದಿನ: ಬಿಸಿಲು ನೋಡಿಕೊಂಡು ಗಾಜು ನೋಡಿದ್ದು

ಮ್ಯಾಪಿನಲ್ಲಿ ಚಾರ್ಟ್ರೆಸ್ ಅಂತ ಓದಿಕೊಳ್ಳುವ ಫ್ರಾನ್ಸಿನ ಊರೇ ಶಾರ್ತ್ರ. ಇಲ್ಲಿನ ಹಳೆಯ ದೊಡ್ಡ ಚರ್ಚು ಬಣ್ಣದ ಗಾಜಿನ ಕಿಟಕಿಗಳಿಗೆ ಹೆಸರುವಾಸಿ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಒಂದು, ಒಂದೂಕಾಲು ಗಂಟೆ. ನಾವು ಬೇಕಂತಲೇ ಶುಕ್ರವಾರ ಆರಿಸಿಕೊಂಡೆವು. ಏಕೆಂದರೆ ಚರ್ಚಿನ ನೆಲದಲ್ಲಿ ಸುಮಾರು 13 ಮೀಟರ್ ಅಗಲದ ಸುತ್ತುದಾರಿ (ಲ್ಯಾಬಿರಿಂತ್) ಇದೆ. ಮಿಕ್ಕ ದಿನ ಅದರ ಮೇಲೆ ಕುರ್ಚಿ ಹಾಕಿರುತ್ತಾರೆ. ಲೆಂಟ್‌ನಿಂದ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಿಂದ, ನವೆಂಬರ್ 1ರವರೆಗೆ ಶುಕ್ರವಾರ ಮಾತ್ರ ಎತ್ತಿಡುತ್ತಾರೆ. 11 ಸುತ್ತು, 260 ಮೀಟರ್ ಚಿಲ್ಲರೆ ನಡಿಗೆ. ಕವಲೇ ಇಲ್ಲ, ಹಾಗಾಗಿ ದಾರಿ ತಪ್ಪುವ ಮಾತಿಲ್ಲ. ನಡುವಿನ ಕಲ್ಲಿನಲ್ಲಿ ಕಿತ್ತುಹೋದ ಲೋಹದ ಫಲಕದ ಮೊಳೆಗಳು ಇನ್ನೂ ಇವೆ, ಬಗ್ಗಿ ನೋಡಿ.

ಗಾಜಿನ ಚಿತ್ರಗಳನ್ನು ನೋಡುವ ಕ್ರಮ ಹೇಳಿಕೊಟ್ಟವರು ನಮ್ಮನ್ನು ಕರೆಸಿಕೊಂಡ ಊರಿನವರು. ಒಳಗೆ ಹೋದ ತಕ್ಷಣ ಮೊಬೈಲ್ ತೆಗೆಯಬಾರದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಸುಮ್ಮನೆ ಕೂರಬೇಕು. ದುರ್ಬೀನು ಇಲ್ಲದೆ ಹೋದರೆ ಮೇಲಿನದೆಲ್ಲ ಬರೀ ಬಣ್ಣದ ಚುಕ್ಕಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x ಸಾಕು, ಅದಕ್ಕಿಂತ ದೊಡ್ಡದಾದರೆ ಕೈ ಅಲುಗುತ್ತದೆ. ಚಿತ್ರಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ದಕ್ಷಿಣದ ಪಕ್ಕಸಾಲಿನಲ್ಲಿರುವ ಒಳ್ಳೆಯ ಸಮಾರ್ಯದವನ (ಗಾಯಗೊಂಡ ದಾರಿಹೋಕನಿಗೆ ನೆರವಾದವನ ಬೈಬಲ್ ಕಥೆ) ಕಿಟಕಿಯಿಂದ ಶುರುಮಾಡಿ: ತೀರಾ ಕೆಳಗೆ ಬೂಟು ಹೊಲಿಯುವವರು ಕೆಲಸದಲ್ಲಿದ್ದಾರೆ. ಕಿಟಕಿಗೆ ಕಾಣಿಕೆ ಕೊಟ್ಟವರು ಅವರೇ ಎಂದು ಹೇಳುತ್ತಾರೆ. ಅವರ ಮೇಲೆ ಕಥೆ ಏರುತ್ತದೆ. ತೆಳು ಮೋಡ ಇದ್ದರೆ ಬೇಜಾರು ಬೇಡ, ನೀಲಿ ಚೆನ್ನಾಗಿ ಕಾಣುವುದು ಆಗಲೇ.

ಊಟದ ಹೊತ್ತು 12ರಿಂದ 2. ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳು ಬರೀ 'ಸಸ್ಯಾಹಾರಿ' ಎಂದರೆ ಮೀನು ಬರಬಹುದು. ಸಲಾಡಿನಲ್ಲಿ ಲಾರ್ದೊಂ, ಅಂದರೆ ಹಂದಿಮಾಂಸದ ಚೂರು, ಹೇಳದೆಯೇ ಬಂದು ಕೂರುತ್ತದೆ. 'ಸಾಂ ಲಾರ್ದೊಂ' (ಲಾರ್ದೊಂ ಬೇಡ) ಎನ್ನಿ. ಊರಿನ ಹೆಮ್ಮೆಯ 'ಪಾತೆ' ಕೂಡ ಮಾಂಸದ ಕಡುಬೇ. ಹಳೆಯ ಪದ್ಧತಿಯ ಗಟ್ಟಿ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಕಟ್ಟುನಿಟ್ಟಿನವರು ಆ ಮನೆಯವರಿಗೆ ಎರಡು ದಿನ ಮೊದಲೇ ತಿಳಿಸಬೇಕು. ತಟ್ಟೆ ಮುಂದೆ ಬಂದಮೇಲೆ ಹೇಳಿದರೆ ಅವರಿಗೂ ಮುಜುಗರ. ಕಾಣಿಕೆಗೆ ಮೈಸೂರು ಪಾಕ್ ಒಯ್ಯಿ. ಪೇಡೆ ಅಷ್ಟು ದೂರ ತಾಳುವುದಿಲ್ಲ.

ಊಟವಾದ ಮೇಲೆ ಮೆಟ್ಟಿಲುಗಲ್ಲಿ ಇಳಿದು ಎರ್ ನದಿಯ ದಡಕ್ಕೆ ಹೋಗಿ. ಬಟ್ಟೆ ಒಗೆಯುತ್ತಿದ್ದ ಹಳೆಯ ಕಟ್ಟೆಗಳು ನೀರಿನ ಅಂಚಿನಲ್ಲೇ ಉಳಿದಿವೆ. ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೋಗಬೇಡಿ. ಕಲ್ಲುಹಾಸಿನಲ್ಲಿ ಚಕ್ರ ಮುರಿಯುತ್ತದೆ, ವಾಪಸ್ ಹತ್ತುವಾಗ ಹೊರೆ.

ಸಂಜೆ ಚರ್ಚು ಮುಚ್ಚುವ ಮುನ್ನ ಮತ್ತೆ ಒಳಗೆ ಹೋಗಿ ಪಶ್ಚಿಮಕ್ಕೆ ಮುಖಮಾಡಿ ಕೂತೆವು. ಬಾಗಿಲ ಮೇಲಿನ ಮೂರು ಉದ್ದ ಕಿಟಕಿಗಳು 1150ರ ಸುಮಾರಿನವು, 1194ರ ಬೆಂಕಿಯಲ್ಲೂ ಉಳಿದವು. ಇಳಿಬಿಸಿಲು ನೇರ ಅವುಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಮರಳುವ ರೈಲನ್ನು ಒಂದು ಗಾಡಿ ತಡವಾಗಿಯೇ ಇಟ್ಟುಕೊಳ್ಳಿ.