ಗಾಡಿ ಓಡಿಸುವಾಗ ಮೆಸೇಜ್ ನಿಷೇಧ: ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಮೊದಲು ಪೊಲೀಸರ ಸಮಯ ಬರೆದುಕೊಳ್ಳಿ. ಗಾಡಿ ನಿಲ್ಲಿಸುವುದು, ದಂಡದ ರಸೀದಿ ಕೊಡುವುದು, ಯಾರಾದರೂ ಒಪ್ಪದೆ ಕೋರ್ಟಿಗೆ ಹೋದರೆ ಅಲ್ಲಿ ಸಾಕ್ಷಿ ಹೇಳುವುದು, ಇಷ್ಟೂ ಸೇರಬೇಕು. ಚಾಲಕ ಮೆಸೇಜ್ ಬರೆಯುತ್ತಿದ್ದನೋ ಮ್ಯಾಪ್ ನೋಡುತ್ತಿದ್ದನೋ ಅಂತ ಸಾಬೀತು ಮಾಡುವುದು ಕಷ್ಟ, ಅದಕ್ಕೇ ಫೋನ್ ಕೈಯಲ್ಲಿ ಹಿಡಿಯುವುದನ್ನೇ ನಿಷೇಧಿಸಿದರೆ ಜಾರಿ ಮಾಡುವುದು ಸುಲಭ ಅನ್ನುವುದು ನನ್ನ ಅಭಿಪ್ರಾಯ. ಪ್ರಚಾರದ ಖರ್ಚನ್ನೂ ಸೇರಿಸಿ.

ದಂಡದ ಹಣವನ್ನು ಸುಮ್ನೆ ಲಾಭ ಅಂತ ಬರೆಯಬೇಡಿ. ಅದು ಜನರ ಜೇಬಿಂದ ಖಜಾನೆಗೆ ಹೋಯಿತು ಅಷ್ಟೇ, ಅಲ್ವಾ? ನಿಜವಾದ ಉಳಿತಾಯ ತಪ್ಪಿದ ಅಪಘಾತಗಳಲ್ಲಿದೆ: ಆಂಬುಲೆನ್ಸ್, ಆಸ್ಪತ್ರೆ, ದುಡಿಯುವವರು ಕಳೆದುಕೊಳ್ಳುವ ವರ್ಷಗಳು. ಗಂಟೆಗೆ 90 ಕಿ.ಮೀ. ವೇಗದಲ್ಲಿ 4 ಸೆಕೆಂಡ್ ಫೋನ್ ನೋಡಿದರೆ ಗಾಡಿ 100 ಮೀಟರ್ ಓಡಿರುತ್ತದೆ. ಕಾನೂನಿಗೆ ಮುಂಚಿನ ಮತ್ತು ನಂತರದ ಅಪಘಾತಗಳನ್ನು ಹೋಲಿಸುವಾಗ, ನಿಷೇಧವಿಲ್ಲದ ಅಂಥದೇ ರಸ್ತೆಗಳನ್ನೂ ಜೊತೆಗಿಟ್ಟು ನೋಡಿ.