ಎರಡು ಮಳೆಗಾಲ ಕಳೆದರೂ ಒಣಗಿಯೇ ಇರುವ ಗೋಡೆ

ಮೂಡಿಗೆರೆ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯ ಬುಡ ತೇವ ಹಿಡಿದು ಬಣ್ಣ ಉದುರುವುದು ನಮ್ಮ ಕಸುಬಿನವರಿಗೆ ಹೊಸದಲ್ಲ. ಸುಣ್ಣದ ಗಾರೆಯಿಂದ ಅದನ್ನು ಸರಿಪಡಿಸುತ್ತೇನೆಂದಾಗ ನಕ್ಕಿದ್ದ ಮೇಸ್ತ್ರಿಗಳೇ ಈಗ ಬಂದು ಗೋಡೆಗೆ ಅಂಗೈಯಿಟ್ಟು ನೋಡಿ ಹೋಗುತ್ತಿರುವುದರಿಂದ ಈ ಕೆಲಸದ ವಿವರವನ್ನು ಬರೆಯುತ್ತಿದ್ದೇನೆ.

ನಾನು ಕೈಹಾಕಿದ ಮನೆಗೆ ಸುಮಾರು 70 ವರ್ಷ. ಕಾಡುಗಲ್ಲಿನ ಪಾಯ, ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ನಡುವೆ ಯಾವಾಗಲೋ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಮೊದಲ ಬೇಸಿಗೆಯಲ್ಲಿ ನಾನೂ ಎಲ್ಲರಂತೆ ಬಣ್ಣ ಕೆರೆದು, ವಾಟರ್‌ಪ್ರೂಫ್ ದ್ರಾವಣ ಬಳಿದು, ಎರಡು ಕೈ ಪುಟ್ಟಿ ಹಚ್ಚಿದೆ. ಯಜಮಾನರ 38 ಸಾವಿರ ರೂಪಾಯಿ ಖರ್ಚಾಯಿತು. ದೀಪಾವಳಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಉಗುರಿನಿಂದ ಒತ್ತಿದರೆ ಒಳಗಿನಿಂದ ಬಿಳಿಯ ಉಪ್ಪಿನ ಪುಡಿ ಸುರಿಯುತ್ತಿತ್ತು. ಮರುವರ್ಷ ನಾಲ್ಕು ಅಡಿಯವರೆಗೆ ಟೈಲ್ಸ್ ಹಾಕಿದ್ದು ಇನ್ನೂ ದೊಡ್ಡ ತಪ್ಪಾಯಿತು. ಹೊರಬರಲು ದಾರಿ ಸಿಗದ ತೇವ ಟೈಲ್ಸಿನ ಮೇಲಕ್ಕೆ ಐದೂವರೆ ಅಡಿಗೆ ಏರಿ, ಕಿಟಕಿಯ ಚೌಕಟ್ಟಿನ ಬುಡವನ್ನೇ ಮೆತ್ತಗೆ ಮಾಡಿತು. ಆ 22 ಸಾವಿರದಲ್ಲಿ ಅರ್ಧವನ್ನು ನಾನೇ ಭರಿಸಿದೆ. "ಮೇಸ್ತ್ರಿ, ಈ ದುಡ್ಡಿನಲ್ಲಿ ಕೊಟ್ಟಿಗೆಗೆ ಹೊಸ ಮಾಡು ಹಾಕಿಸಬಹುದಿತ್ತು" ಎಂದು ಯಜಮಾನರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಮೂರನೆಯ ಸಲ ಮೊದಲು ಕಾರಣ ಹುಡುಕಿದೆ. ಗೋಡೆಗೆ ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಬಿಗಿದು ಎರಡು ದಿನ ಬಿಟ್ಟಾಗ ಹನಿಗಳು ಹಾಳೆಯ ಒಳಮೈಯಲ್ಲಿ ಕೂತಿದ್ದವು, ಹೊರಮೈ ಒಣಗಿತ್ತು. ಅಂದರೆ ಅದು ಕೋಣೆಯ ಗಾಳಿಯ ತೇವವಲ್ಲ, ಗೋಡೆಯದ್ದೇ. ಹೊರಗೆ ಹೋಗಿ ಮಟ್ಟ ಹಿಡಿದಾಗ, ವರ್ಷವರ್ಷವೂ ಮಣ್ಣು ತುಂಬಿ ಅಂಗಳವು ಒಳಗಿನ ನೆಲಕ್ಕಿಂತ ಆರು ಇಂಚಿನಷ್ಟು ಮೇಲೆ ಬಂದಿರುವುದು ಕಂಡಿತು. ಎರಡು ವರ್ಷ ಒಳಗೋಡೆಗೆ ಮದ್ದು ಬಳಿದ ನಾನು ಒಮ್ಮೆಯೂ ಹೊರಗೆ ಮಟ್ಟ ನೋಡಿರಲಿಲ್ಲವೆಂಬುದು ಈಗಲೂ ನನ್ನನ್ನು ಕಾಡುತ್ತದೆ.

ಜನವರಿಯಲ್ಲಿ ಗೋಡೆಯುದ್ದಕ್ಕೂ ಹೊರಗಿನ ಮಣ್ಣನ್ನು ಒಳನೆಲಕ್ಕಿಂತ ಒಂದಡಿ ಕೆಳಗಿನವರೆಗೆ ತೆಗೆಸಿ, ಚರಂಡಿಯ ಕಡೆ ಇಳಿಜಾರು ಕೊಟ್ಟು ಜಲ್ಲಿ ಹರಡಿದೆ. ಒಳಗೆ ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಟೈಲ್ಸು, ಸಿಮೆಂಟು ಎರಡನ್ನೂ ಕಿತ್ತು, ಸಂದುಗಳನ್ನು ಕೆರೆದು, ಮಾರ್ಚ್ ಕೊನೆಯವರೆಗೆ ಗೋಡೆಯನ್ನು ಬೆತ್ತಲೆಯಾಗಿ ಬಿಟ್ಟೆ. ಮೇಲೆ ಬಂದ ಉಪ್ಪನ್ನು ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಿದೆ. ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಸುಣ್ಣದಲ್ಲಿಯೂ ಒಮ್ಮೆ ಸೋತೆ. ಹತ್ತೇ ದಿನ ನೆನೆಸಿದ ಸುಣ್ಣವನ್ನು ಅವಸರದಲ್ಲಿ ಬಳಸಿದ್ದರಿಂದ, ಅರಳದೆ ಉಳಿದಿದ್ದ ಹರಳುಗಳು ಗೋಡೆಯಲ್ಲೇ ಅರಳಿ ಚುಕ್ಕೆಚುಕ್ಕೆಯಾಗಿ ಸಿಡಿದವು; 60 ಚದರಡಿ ಮತ್ತೆ ಕೀಳಬೇಕಾಯಿತು. ಆಮೇಲೆ ತಿಂಗಳಿಗೂ ಹೆಚ್ಚು ಕಾಲ ಗುಂಡಿಯಲ್ಲಿ ನೆನೆದ ಸುಣ್ಣವನ್ನೇ ತೆಗೆದುಕೊಂಡೆ. ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಪುಡಿ. ಅರ್ಧರ್ಧ ಇಂಚಿನ ಎರಡು ಪದರ, ನಡುವೆ ಹತ್ತು ದಿನ, ಮೇಲೆ ಒದ್ದೆ ಗೋಣಿತಾಟು. ಗಾರೆಗೆ ಬೆರೆಸುವ ಅಳಲೆಕಾಯಿ ಮತ್ತು ಬೆಲ್ಲದ ನೀರಿನ ಹದವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕೈಗೆ ಬರುವ ಮುನ್ನ ಮೂರು ಕಲಸು ಹಾಳಾಗಿವೆ.

ಜೊತೆಗೆ ಕೊಟ್ಟಿಗೆಯ ಗೋಡೆಯಲ್ಲಿ ಒಂದು ತುಂಡಿಗೆ, ಬೇಗ ಗಟ್ಟಿಯಾಗಲೆಂದು, ಸುಣ್ಣಕ್ಕೆ ಸ್ವಲ್ಪ ಸಿಮೆಂಟು ಬೆರೆಸಿ ನೋಡಿದೆ. ಕರಣೆಗೆ ಸೊಗಸಾಗಿ ಒದಗಿತು, ಆದರೆ ಎರಡನೆಯ ಮಳೆಗಾಲದಲ್ಲಿ ತಟ್ಟಿದಾಗ ಆ ತುಂಡು ಮಾತ್ರ ಟೊಳ್ಳು ಸದ್ದು ಕೊಟ್ಟಿತು, ಅಂದರೆ ಗಾರೆ ಗೋಡೆಯಿಂದ ಬಿಟ್ಟುಕೊಂಡಿತ್ತು. ಮನೆಯ ಕಿಟಕಿಯ ಮೂಲೆಯ ಓರೆ ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಗಾಜಿನ ಪಟ್ಟಿ ಆರು ತಿಂಗಳಾದರೂ ಒಡೆಯದ್ದರಿಂದ, ಬಿರುಕು ಈಗ ಹಿಗ್ಗುತ್ತಿಲ್ಲವೆಂದು ತಿಳಿದು, ಪಾಯವನ್ನು ಮುಟ್ಟದೆ ಬಿರುಕನ್ನಷ್ಟೇ ತುಂಬಿದೆ.

ಅಂದಾಜು 210 ಚದರಡಿಗೆ 52 ಸಾವಿರ ತಗಲಿತು. ಹೆಚ್ಚಿನ ಪಾಲು ಕೂಲಿಯೇ. ಗೋಡೆಯ ತೇವಕ್ಕೆ ಹೊರಬರಲು ದಾರಿಯಿರಲೆಂದು ಮೇಲೆ ಸುಣ್ಣವನ್ನೇ ಬಳಿದಿದ್ದೇನೆ, ಪ್ಲಾಸ್ಟಿಕ್ ಬಣ್ಣಕ್ಕೆ ಒಪ್ಪಲಿಲ್ಲ. ಬಚ್ಚಲ ಕಡೆಯ ಗೋಡೆಯಲ್ಲಿ ಮಾತ್ರ ಮೊಣಕಾಲೆತ್ತರದ ತೇವ ಇನ್ನೂ ಉಳಿದಿದೆ. ಅಲ್ಲಿನ ಪೈಪನ್ನು ಬರುವ ಜನವರಿಯಲ್ಲಿ ಅಗೆದು ನೋಡಬೇಕು.